ಎರೆ ಮಣ್ಣಿನ ಮೇಲೆ ಟೈಲ್ಸ್: ಬಳ್ಳಾರಿಯ ಕಾಲುದಾರಿಗಳು ಪದೇ ಪದೇ ಯಾಕೆ ಕೆಡುತ್ತವೆ?

ಬಳ್ಳಾರಿಯಲ್ಲಿ ಫುಟ್‌ಪಾತ್ ದುರಸ್ತಿ ಎಂದರೆ ಹಳೆಯ ಟೈಲ್ಸ್ ಕಿತ್ತು ಹೊಸ ಟೈಲ್ಸ್ ಕೂರಿಸುವುದು ಎಂದೇ ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಟೈಲ್ಸ್‌ನ ಬಣ್ಣ ಬದಲಾಗುತ್ತದೆ, ಅಂಚಿನ ಕಲ್ಲಿಗೆ ಕಪ್ಪು-ಹಳದಿ ಪಟ್ಟೆ ಬಳಿಯುತ್ತಾರೆ, ಬಿಲ್ ಪಾಸಾಗುತ್ತದೆ. ಕೆಲವೇ ಮಳೆಗಾಲಗಳಲ್ಲಿ ಅದೇ ಜಾಗದ ನೆಲ ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಕುಸಿದು, ವಯಸ್ಸಾದವರು ಎಡವುವ ಸ್ಥಿತಿಗೆ ಬರುತ್ತದೆ. ಸೈಕಲ್ ಸವಾರರು ಅದನ್ನು ಬಿಟ್ಟು ಲಾರಿ, ಬಸ್ಸುಗಳ ನಡುವೆ ನುಗ್ಗುತ್ತಾರೆ. ಕೇಳಿದರೆ ಕಳಪೆ ಕಾಮಗಾರಿ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಳಪೆ ಕೆಲಸ ನಡೆಯುವುದಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಒಳ್ಳೆಯ ಟೈಲ್ಸ್ ತಂದು, ಅಚ್ಚುಕಟ್ಟಾಗಿ ಜೋಡಿಸಿದ ದಾರಿಯೂ ಈ ಊರಿನಲ್ಲಿ ಬಾಳುವುದಿಲ್ಲ. ಅದರ ಕಾರಣ ಕೆಳಗಿನ ಮಣ್ಣಿನಲ್ಲಿದೆ ಮತ್ತು ಆ ಮಣ್ಣನ್ನು ನಾವು ಯಾವ ತಿಂಗಳಲ್ಲಿ ಮುಟ್ಟುತ್ತೇವೆ ಎಂಬುದರಲ್ಲಿದೆ.

ಈ ದಾರಿಯನ್ನು ಬಳಸುವವರು ಯಾರು? ನಸುಕಿನಲ್ಲಿ ಪೊರಕೆ ಹಿಡಿದು ಹೊರಡುವ ಪೌರಕಾರ್ಮಿಕರು, ಪತ್ರಿಕೆ ಹಾಕುವ ಹುಡುಗರು, ಜೀನ್ಸ್ ಹೊಲಿಗೆ ಘಟಕಗಳಿಗೆ ಹೋಗುವ ಹೆಣ್ಣುಮಕ್ಕಳು, ಎಪಿಎಂಸಿಯ ಹಮಾಲರು, ಶಾಲೆಯ ಮಕ್ಕಳು. 2011ರ ಜನಗಣತಿಯ ಪ್ರಕಾರ, ಕೃಷಿ ಮತ್ತು ಗೃಹೋದ್ಯಮದ ಹೊರಗಿನ ಕೆಲಸಗಾರರಲ್ಲಿ ದೇಶದಾದ್ಯಂತ ಸುಮಾರು ಶೇ 22ರಷ್ಟು ಮಂದಿ ನಡೆದೇ ಕೆಲಸಕ್ಕೆ ಹೋಗುತ್ತಿದ್ದರು. ಸುಮಾರು ಶೇ 13ರಷ್ಟು ಮಂದಿ ಸೈಕಲ್‌ನಲ್ಲಿ. ಅದೇ ಜನಗಣತಿಯಲ್ಲಿ ನಾಲ್ಕು ಲಕ್ಷ ದಾಟಿದ್ದ ಬಳ್ಳಾರಿಯಂತಹ ನಗರದಲ್ಲಿ, ಕೆಲಸದ ಜಾಗ ಮನೆಯಿಂದ ಎರಡು-ಮೂರು ಕಿಲೋಮೀಟರ್ ಒಳಗೇ ಇರುವ ಬಡವರಿಗೆ ಕಾಲು ಮತ್ತು ಸೈಕಲ್ ಬಿಟ್ಟರೆ ಬೇರೆ ಖರ್ಚಿಲ್ಲದ ವಾಹನವಿಲ್ಲ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದಾಗ ಸಾವಿರಾರು ಮಕ್ಕಳು ರಸ್ತೆಗಿಳಿದರು. ಸೈಕಲ್ ಬಂತು, ಅದನ್ನು ಓಡಿಸುವ ದಾರಿ ಬರಲಿಲ್ಲ. ನಮ್ಮ ಬಹುತೇಕ ರಸ್ತೆಗಳಲ್ಲಿ ಡಾಂಬರಿನ ಅಂಚು ಮತ್ತು ಚರಂಡಿಯ ಮೇಲಿನ ಕಲ್ಲುಹಾಸು ಸೇರಿದ ಒಂದು ಸಣ್ಣ ಪಟ್ಟಿಯೇ ನಡೆಯುವವರಿಗೂ ಸೈಕಲ್‌ನವರಿಗೂ ಹಂಚಿಹೋಗಿರುವ ಜಾಗ. ಈ ಲೇಖನದ ವಿಷಯ ಆ ಪಟ್ಟಿ.

ಮಣ್ಣಿನ ಸ್ವಭಾವ

ಬಳ್ಳಾರಿ ಸುತ್ತಲಿನ ಎರೆ ಭೂಮಿ ಹತ್ತಿಗೆ, ಜೋಳಕ್ಕೆ, ಮೆಣಸಿನಕಾಯಿಗೆ ವರದಾನ. ಆದರೆ ಕಟ್ಟುವವರಿಗೆ ಅದು ಸದಾ ತಲೆನೋವು. ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೆಚ್ಚಾಗಿರುತ್ತದೆ. ಅದರ ಕಣಗಳು ತೆಳುವಾದ ಹಾಳೆಗಳ ಕಟ್ಟಿನಂತಿದ್ದು, ಹಾಳೆಗಳ ನಡುವಿನ ಹಿಡಿತ ತೀರಾ ಸಡಿಲ. ನೀರು ಆ ಸಂದುಗಳಲ್ಲಿ ಸೇರಿಕೊಂಡರೆ ಮಣ್ಣು ಉಬ್ಬುತ್ತದೆ, ನೀರು ಆರಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆ ಹೊಲದಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕುಗಳನ್ನು ನೋಡದ ಬಳ್ಳಾರಿಯವರಿಲ್ಲ. ಹೊಲದಲ್ಲಿ ನಡೆಯುವುದೇ ಫುಟ್‌ಪಾತಿನ ಅಡಿಯಲ್ಲೂ ನಡೆಯುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಹಗುರವಾದ ಕಟ್ಟಣೆಗೇ ಎರೆ ಮಣ್ಣು ಹೆಚ್ಚು ಕಾಟ ಕೊಡುತ್ತದೆ. ನಾಲ್ಕು ಅಂತಸ್ತಿನ ಕಟ್ಟಡದ ಭಾರ ಮಣ್ಣಿನ ಉಬ್ಬನ್ನು ಒಂದಿಷ್ಟಾದರೂ ಅದುಮಿ ಹಿಡಿಯುತ್ತದೆ. ಐದಾರು ಸೆಂಟಿಮೀಟರ್ ದಪ್ಪದ ಟೈಲ್ಸ್ ಮತ್ತು ಅದರಡಿಯ ಒಂದು ಪದರ ಮರಳಿಗೆ ಆ ಶಕ್ತಿ ಇಲ್ಲ. ಹಾಗಾಗಿ ಮೇಲೆ ಯಾರೂ ನಡೆಯದಿದ್ದರೂ, ಒಂದು ಬೈಕ್ ಕೂಡ ಹತ್ತದಿದ್ದರೂ ದಾರಿ ತನ್ನಷ್ಟಕ್ಕೆ ಏರಿಳಿಯುತ್ತದೆ. ಎರಡನೆಯದು, ದಾರಿಯ ನಡುಭಾಗಕ್ಕಿಂತ ಅಂಚು ಹೆಚ್ಚು ಕೆಡುತ್ತದೆ. ಮುಚ್ಚಿದ ನೆಲದ ನಡುವೆ ತೇವ ಹೆಚ್ಚು ಕಡಿಮೆ ಒಂದೇ ಸಮ ಇರುತ್ತದೆ. ಅಂಚಿನಲ್ಲಿ ಮಾತ್ರ ಬಿಸಿಲಿಗೆ ಒಣಗುವುದು, ಮಳೆಗೆ ನೆನೆಯುವುದು ವರ್ಷವಿಡೀ ನಡೆದಿರುತ್ತದೆ. ನಮ್ಮ ಫುಟ್‌ಪಾತುಗಳಲ್ಲಿ ಉದ್ದಕ್ಕೆ ಸೀಳು ಬಿಟ್ಟು, ಅಂಚಿನ ಕಲ್ಲು ಹೊರಕ್ಕೆ ವಾಲಿ, ಅದರ ಹಿಂದಿನ ಒಂದೆರಡು ಸಾಲು ಟೈಲ್ಸ್ ಜರಿಯುವುದು ಹೀಗೆ. ಹೊಸ ಟೈಲ್ಸ್ ತಂದು ಅಲ್ಲೇ ಕೂರಿಸಿದರೆ ಅದೂ ಜರಿಯುತ್ತದೆ.

ಊರಿನ ನೆಲವೆಲ್ಲ ಎರೆ ಎಂದೂ ಹೇಳಲಾಗದು. ಕೋಟೆ ಇರುವ ಬಳ್ಳಾರಿ ಗುಡ್ಡ ಗ್ರಾನೈಟ್ ಬಂಡೆಯದು. ಅಂತಹ ಬಂಡೆ ಸವೆದು ಉಂಟಾದ ಕೆಂಪು ಗರಸು ಇರುವ ಕಡೆ ನೆಲ ಗಟ್ಟಿ. ಹಾಗಿರುವಾಗ ಇಡೀ ನಗರಕ್ಕೆ ಒಂದೇ ಅಂದಾಜುಪಟ್ಟಿ, ಒಂದೇ ನಕ್ಷೆ ಮಾಡಿ ಟೆಂಡರ್ ಕರೆಯುವುದು ತಪ್ಪು. ಗರಸು ನೆಲದಲ್ಲಿ ಅದು ಅನಗತ್ಯ ಖರ್ಚಾಗಬಹುದು, ಎರೆ ನೆಲದಲ್ಲಿ ಹಣ ಹೊಳೆಗೆ ಹಾಕಿದಂತೆ. ಯಾವ ತುಂಡು ಯಾವ ಮಣ್ಣಿನ ಮೇಲಿದೆ ಎಂದು ತಿಳಿಯಲು ದೊಡ್ಡ ಪ್ರಯೋಗಾಲಯವೂ ಬೇಕಿಲ್ಲ. ಒಣಗಿಸಿ ಜರಡಿ ಹಿಡಿದ ಹತ್ತು ಗ್ರಾಂ ಮಣ್ಣನ್ನು ಒಂದು ಅಳತೆ ಗಾಜಿನಲ್ಲಿ ನೀರಿಗೆ, ಇನ್ನೊಂದರಲ್ಲಿ ಸೀಮೆಎಣ್ಣೆಗೆ ಹಾಕಿ ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎರಡರ ವ್ಯತ್ಯಾಸವೇ ಮಣ್ಣಿನ ಉಬ್ಬುವ ಗುಣದ ಅಳತೆ. ಅದು ಶೇ 50 ದಾಟಿದರೆ ರಸ್ತೆಗೆ ತುಂಬುವ ಮಣ್ಣಾಗಿ ಅದನ್ನು ಬಳಸಬಾರದು ಎಂಬುದು ಹೆದ್ದಾರಿ ಕಾಮಗಾರಿಗಳ ನಿಯಮ. ಯಾವುದೇ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಮಾಡಬಹುದಾದ ಪರೀಕ್ಷೆ ಇದು. ನೂರು ಮೀಟರಿಗೊಂದು ಗುಂಡಿ ತೋಡಿ ಮಣ್ಣು ತೆಗೆಸಿದರೆ ಊರಿನ ಮುಖ್ಯ ರಸ್ತೆಗಳ ನಕ್ಷೆ ಕೆಲವೇ ವಾರಗಳಲ್ಲಿ ಸಿದ್ಧವಾಗುತ್ತದೆ.

ಎರೆ ಮಣ್ಣಿಗೆ ಮದ್ದೇ ಇಲ್ಲ ಎಂಬ ಭಾವನೆಯೂ ಸರಿಯಲ್ಲ. ಐಐಟಿ ಬಾಂಬೆಯಲ್ಲಿ ಪ್ರೊ. ಆರ್.ಕೆ. ಕಟ್ಟಿ ಅವರು ಇದೇ ಮಣ್ಣಿನ ಮೇಲೆ ದಶಕಗಳ ಕಾಲ ಸಂಶೋಧನೆ ನಡೆಸಿ, ಉಬ್ಬದ, ಆದರೆ ಅಂಟುಗುಣವಿರುವ ಮಣ್ಣಿನ ಪದರವೊಂದನ್ನು ಎರೆಯ ಮೇಲೆ ಹಾಸಿದರೆ ಕೆಳಗಿನ ಉಬ್ಬು ಮೇಲಕ್ಕೆ ಬಾರದಂತೆ ತಡೆಯಬಹುದೆಂದು ತೋರಿಸಿದರು. ನಮ್ಮ ರಾಜ್ಯದ ಮಲಪ್ರಭಾ ಯೋಜನೆಯ ಕಾಲುವೆಗಳಲ್ಲಿ ಈ ವಿಧಾನ ಬಳಕೆಯಾಯಿತು. ಮಣ್ಣಿಗೆ ಸುಣ್ಣ ಬೆರೆಸಿ ಅದರ ಉಬ್ಬುವ ಗುಣವನ್ನು ತಗ್ಗಿಸುವುದು ಇನ್ನೊಂದು ಹಳೆಯ ದಾರಿ. ಫುಟ್‌ಪಾತಿಗೆ ಕಾಲುವೆಯಷ್ಟು ದಪ್ಪದ ಪದರ ಹಾಕುವುದು ದುಬಾರಿ ಎನ್ನುವುದು ನಿಜ. ಆದರೂ ಒಂದಡಿ ಎರೆ ತೆಗೆದು, ಒಳ್ಳೆಯ ಗರಸನ್ನು ಪದರ ಪದರವಾಗಿ ತುಂಬಿ, ನೀರು ಹಾಕಿ ರೋಲರ್ ಓಡಿಸಿ, ಅಂಚಿನ ಕಲ್ಲಿಗೆ ಕಾಂಕ್ರೀಟ್ ಬುಡ ಕೊಟ್ಟರೆ ದಾರಿಯ ಆಯುಷ್ಯ ಖಂಡಿತ ಹೆಚ್ಚುತ್ತದೆ.

ತೊಂದರೆ ಎಂದರೆ, ಈ ಕೆಲಸ ಬಿಲ್ಲಿನಲ್ಲಿ ಕಾಣುವುದೇ ಕಡಿಮೆ. ಟೈಲ್ಸ್ ಎಷ್ಟು ಚದರ ಮೀಟರ್ ಎಂದು ಯಾರು ಬೇಕಾದರೂ ಟೇಪ್ ಹಿಡಿದು ನೋಡಬಹುದು. ಅಡಿಯಲ್ಲಿ ಗರಸು ಎಷ್ಟು ಇಂಚು ಇದೆ, ಅದನ್ನು ದಮ್ಮಸ್ಸು ಮಾಡಿದ್ದಾರೋ ಸುಮ್ಮನೆ ಸುರಿದಿದ್ದಾರೋ ಎಂಬುದು ಟೈಲ್ಸ್ ಮುಚ್ಚಿದ ಮೇಲೆ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಅಳತೆ ಪುಸ್ತಕದಲ್ಲಿ ಬುನಾದಿಯ ಅಳತೆಯನ್ನು ಟೈಲ್ಸ್ ಕೂರಿಸುವ ಮೊದಲೇ, ಫೋಟೊ ಸಮೇತ ದಾಖಲಿಸುವ ಕಟ್ಟುನಿಟ್ಟು ಬೇಕು.

ಬಜೆಟ್ಟಿನ ತಿಂಗಳು, ಮಣ್ಣಿನ ತಿಂಗಳು

ನನ್ನ ಲೆಕ್ಕದಲ್ಲಿ ಅತಿ ದೊಡ್ಡ ತಪ್ಪು ನಡೆಯುತ್ತಿರುವುದು ಇಲ್ಲಿ, ಮತ್ತು ಇದರ ಬಗ್ಗೆ ಮಾತನಾಡುವವರು ತೀರಾ ಕಡಿಮೆ. ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅನುದಾನ ವಾಪಸು ಹೋಗಬಾರದೆಂದು ಫೆಬ್ರುವರಿ, ಮಾರ್ಚಿನಲ್ಲಿ ಕಾರ್ಯಾದೇಶಗಳು ಸಾಲಾಗಿ ಹೊರಡುತ್ತವೆ. ಕೆಲಸ ಏಪ್ರಿಲ್, ಮೇವರೆಗೂ ಎಳೆಯುತ್ತದೆ. ಬಳ್ಳಾರಿಯಲ್ಲಿ ಅದು ತಾಪಮಾನ 40 ಡಿಗ್ರಿ ದಾಟುವ ಕಾಲ. ಎರೆ ಮಣ್ಣು ತನ್ನ ಕೊನೆಯ ಹನಿ ತೇವವನ್ನೂ ಕಳೆದುಕೊಂಡು ಅತ್ಯಂತ ಕುಗ್ಗಿರುವ, ಬಿರುಕುಗಳು ಅತ್ಯಂತ ಆಳವಾಗಿರುವ ಕಾಲ. ಆಗ ಬಿರುಕಿನ ಮೇಲೆಯೇ ಮರಳು ಹರಡಿ ಟೈಲ್ಸ್ ಕೂರಿಸಿದರೆ ನೋಡಲು ಮಟ್ಟಸವಾಗಿಯೇ ಇರುತ್ತದೆ. ಜೂನ್‌ನಿಂದ ಮಳೆ ಶುರುವಾಗಿ, ನಮ್ಮ ಕಡೆ ಹೆಚ್ಚು ಮಳೆ ಬೀಳುವ ಸೆಪ್ಟೆಂಬರ್ ಹೊತ್ತಿಗೆ ಸಂದುಗಳಿಂದ ಇಳಿದ ನೀರನ್ನು ಕುಡಿದ ಮಣ್ಣು ಉಬ್ಬಲೇಬೇಕು. ಒಣಗಿ ಕುಗ್ಗಿದ ಸ್ಥಿತಿಯಲ್ಲಿ ಮುಚ್ಚಿದ ಮಣ್ಣು, ತೇವವಿದ್ದಾಗ ಮುಚ್ಚಿದ ಮಣ್ಣಿಗಿಂತ ಬಹಳ ಹೆಚ್ಚು ಏಳುತ್ತದೆ. ಹಾಗಾಗಿ ಮೇ ತಿಂಗಳಿನಲ್ಲಿ ಮುಗಿದ ಫುಟ್‌ಪಾತ್ ದೀಪಾವಳಿಗೆ ಅಂಕುಡೊಂಕಾಗುವುದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ.

ಎರೆ ಮಣ್ಣನ್ನು ಮುಟ್ಟಲು ಸರಿಯಾದ ಸಮಯ ಮಳೆ ನಿಂತ ಮೇಲಿನದು, ಅಂದರೆ ನವೆಂಬರಿನಿಂದ ಜನವರಿಯವರೆಗೆ. ಮಣ್ಣಿನಲ್ಲಿ ಆಗ ಹದವಾದ ತೇವ ಇರುತ್ತದೆ, ದಮ್ಮಸ್ಸು ಚೆನ್ನಾಗಿ ಕೂರುತ್ತದೆ, ಕಾಂಕ್ರೀಟಿಗೆ ನೀರುಣಿಸುವುದು ಸುಲಭ, ಬಿಸಿಲಿನಲ್ಲಿ ದುಡಿಯುವ ಕೂಲಿಯವರ ಜೀವಕ್ಕೂ ನೆಮ್ಮದಿ. ಬೇಸಾಯ ಮಾಡುವವರು ಹದ ನೋಡಿಯೇ ಹೊಲಕ್ಕೆ ಇಳಿಯುತ್ತಾರೆ; ಕಾಮಗಾರಿಗೂ ಆ ವಿವೇಕ ಬೇಕು. ಇದಕ್ಕೆ ಟೆಂಡರ್ ಪ್ರಕ್ರಿಯೆ ಜುಲೈ-ಆಗಸ್ಟಿನಲ್ಲೇ ಮುಗಿದು, ಅಕ್ಟೋಬರ್ ಕೊನೆಗೆ ಕಾರ್ಯಾದೇಶ ಕೈಯಲ್ಲಿರಬೇಕು. ಪಾಲಿಕೆಯ ಬಜೆಟ್ ವರ್ಷದ ಆರಂಭಕ್ಕೇ ಮಂಜೂರಾದರೆ ಇದು ಸಾಧ್ಯವಾಗದ ಮಾತೇನಲ್ಲ.

ನೀರು ಹೋಗಲು ಜಾಗ

ನಮ್ಮಲ್ಲಿ ಫುಟ್‌ಪಾತ್ ಎಂದರೆ ಬಹುಪಾಲು ಚರಂಡಿಯ ಮುಚ್ಚಳವೇ. ಕಲ್ಲು ಕಟ್ಟಿದ ಹಳೆಯ ಚರಂಡಿಗಳ ಸಂದಿನಿಂದ ನೀರು ಒಸರಿ, ಪಕ್ಕದ ಎರೆಗೆ ವರ್ಷವಿಡೀ ತೇವ ಉಣಿಸುತ್ತಿರುತ್ತದೆ. ಮಳೆಗಾಲಕ್ಕೆ ಮುನ್ನ ಹೂಳು ತೆಗೆಯಲು ಸ್ಲ್ಯಾಬ್ ಅಥವಾ ಶಹಾಬಾದ್ ಕಲ್ಲನ್ನು ಎಬ್ಬಿಸುತ್ತಾರೆ. ಅರ್ಧ ಒಡೆಯುತ್ತವೆ, ಉಳಿದವು ಓರೆಯಾಗಿ ಕೂರುತ್ತವೆ, ತೆಗೆದ ಹೂಳು ಅಲ್ಲೇ ಗುಡ್ಡೆಯಾಗಿ ಒಣಗುತ್ತದೆ. ಕತ್ತಲಾದ ಮೇಲೆ ಅಲ್ಲಿ ನಡೆಯುವವರ ಪಾಡು ಹೇಳತೀರದು. ಎರಡು ಸ್ಲ್ಯಾಬ್‌ಗಳ ನಡುವಿನ ಸಂದು ದಾರಿಯ ಉದ್ದಕ್ಕೆ ಬಂದರೆ ಸೈಕಲ್ ಚಕ್ರ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಪ್ರತಿ ಹತ್ತು-ಹದಿನೈದು ಮೀಟರಿಗೆ ಕೊಕ್ಕೆ ಹಾಕಿ ಎತ್ತಬಹುದಾದ ಒಂದು ಮುಚ್ಚಳ ಇಟ್ಟು, ಉಳಿದ ಭಾಗವನ್ನು ಎಬ್ಬಿಸದೆಯೇ ಹೂಳು ತೆಗೆಯುವಂತೆ ಕಟ್ಟುವುದು ಕಷ್ಟದ ವಿದ್ಯೆಯಲ್ಲ. ದಾರಿಯ ಮೇಲ್ಮೈಗೆ ಐವತ್ತಕ್ಕೆ ಒಂದರಷ್ಟು ಇಳಿಜಾರು ಕೊಟ್ಟರೆ ಮಳೆನೀರು ನಿಲ್ಲದೆ ಚರಂಡಿಗೆ ಇಳಿಯುತ್ತದೆ.

ರಸ್ತೆಯಿಂದಲೂ ನೀರು ಬರುತ್ತದೆ. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಪದರ ಹಾಕುತ್ತಾ ಹೋದರೆ ರಸ್ತೆ ಪ್ರತಿ ಬಾರಿಯೂ ಮೂರು-ನಾಲ್ಕು ಸೆಂಟಿಮೀಟರ್ ಏರುತ್ತದೆ, ಕಾಲಕ್ರಮೇಣ ಫುಟ್‌ಪಾತೇ ಹರಿವಿನ ಹಾದಿಯಾಗುತ್ತದೆ. ದೊಡ್ಡ ಮಳೆ ಬಂದಾಗ ಕನಕ ದುರ್ಗಮ್ಮ ಗುಡಿಯ ಬಳಿಯ ರೈಲ್ವೆ ಕೆಳಸೇತುವೆಯಲ್ಲಿ ನೀರು ನಿಂತು, ನಡೆಯುವವರೂ ಸೈಕಲ್‌ನವರೂ ಸುತ್ತಿ ಬಳಸಿ ಹೋಗಬೇಕಾಗುವುದು ಎಲ್ಲರಿಗೂ ಗೊತ್ತು. ಕಾರಿನವರಿಗೆ ಆ ಸುತ್ತು ಕೆಲವು ನಿಮಿಷದ್ದು. ತಲೆಯ ಮೇಲೆ ಹೊರೆ ಇರುವವರಿಗೆ ಹಾಗಲ್ಲ.

ಪೈಪ್, ಕೇಬಲ್‌ಗಾಗಿ ಅಗೆಯುವುದು ಇನ್ನೊಂದು ದೊಡ್ಡ ಕಾಯಿಲೆ. ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಫುಟ್‌ಪಾತಿನ ಅಡಿಯಲ್ಲಿ ಎಲ್ಲ ಸೇವೆಗಳಿಗೂ ಕೊಳವೆ ಮಾರ್ಗ ಮಾಡಿಟ್ಟರು. ಅಷ್ಟು ಖರ್ಚು ಬಳ್ಳಾರಿಗೆ ಭಾರವಾಗಬಹುದು. ಆದರೆ ಹೊಸದಾಗಿ ಬುನಾದಿ ಹಾಕುವಾಗಲೇ ಒಂದೆರಡು ಖಾಲಿ ಪಿವಿಸಿ ಕೊಳವೆ ಹೂತಿಟ್ಟರೆ ಮುಂದೆ ಕೇಬಲ್ ಎಳೆಯಲು ನೆಲ ಸೀಳಬೇಕಾಗುವುದಿಲ್ಲ. ಇದಕ್ಕೆ ತಗಲುವ ವೆಚ್ಚ ಒಟ್ಟು ಕಾಮಗಾರಿಯಲ್ಲಿ ಅತ್ಯಲ್ಪ.

ದುರಸ್ತಿಯ ಹೆಸರಿನಲ್ಲಿ ಮರ ಕಡಿಯುವುದನ್ನಂತೂ ಒಪ್ಪಲೇಬಾರದು. ಏಪ್ರಿಲ್ ಮಧ್ಯಾಹ್ನ ನೆರಳಿಲ್ಲದ ದಾರಿ ಎಷ್ಟೇ ನುಣುಪಾಗಿದ್ದರೂ ಅಲ್ಲಿ ಯಾರೂ ನಡೆಯುವುದಿಲ್ಲ. ಬುಡದವರೆಗೂ ಕಾಂಕ್ರೀಟ್ ತುಂಬಿದಾಗ ಗಾಳಿ, ನೀರು ಹುಡುಕುತ್ತಾ ಬೇರು ಮೇಲಕ್ಕೆ ಬಂದು ಟೈಲ್ಸ್ ಎತ್ತುತ್ತದೆ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಸುತ್ತ ಒಂದು ಮೀಟರಿನವರೆಗೆ ಕಾಂಕ್ರೀಟ್ ತೆಗೆಯಲು ಆದೇಶಿಸಿತ್ತು. ಬಳ್ಳಾರಿಯ ಬೇವು, ಹೊಂಗೆಗಳಿಗೂ ಆ ಒಂದು ಮೀಟರ್ ಸಿಗಬೇಕು. ದಾರಿ ಮರವನ್ನು ಬಳಸಿಕೊಂಡು ಹೋಗಲಿ.

ಒಂದೇ ದಾರಿಯಲ್ಲಿ ಇಬ್ಬರು

ನಡೆಯುವವರ ವೇಗ ಗಂಟೆಗೆ ನಾಲ್ಕೈದು ಕಿಲೋಮೀಟರ್. ಸೈಕಲ್‌ನದು ಅದರ ಮೂರು ಪಟ್ಟು. ಇಬ್ಬರನ್ನೂ ಕಿರಿದಾದ ಪಟ್ಟಿಯಲ್ಲಿ ತುಂಬಿದರೆ ಪೆಟ್ಟು ತಿನ್ನುವವರು ಮುದುಕರು ಮತ್ತು ಮಕ್ಕಳು. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯಂತೆ ನಡೆಯುವವರಿಗೆ ಮಾತ್ರವೇ ಕನಿಷ್ಠ 1.8 ಮೀಟರ್ ಅಗಲದ, ಅಡೆತಡೆಯಿಲ್ಲದ ಜಾಗ ಬೇಕು. ಇಬ್ಬರೂ ಹಂಚಿಕೊಳ್ಳುವ ದಾರಿಗೆ ಅಮೆರಿಕದ ಎಂಜಿನಿಯರುಗಳು ಸಾಮಾನ್ಯವಾಗಿ ಹತ್ತು ಅಡಿ, ಅಂದರೆ ಸುಮಾರು ಮೂರು ಮೀಟರ್ ಅಗಲ ಕೇಳುತ್ತಾರೆ. ಅಷ್ಟಿದ್ದರೂ ಜನಸಂದಣಿ ಹೆಚ್ಚಾದರೆ ಸಾಲದು: ಶಿಕಾಗೊ ನಗರ ತನ್ನ ಸರೋವರ ತೀರದ 18 ಮೈಲಿ ದಾರಿಯಲ್ಲಿ ನಡೆಯುವವರಿಗೂ ಸೈಕಲ್‌ನವರಿಗೂ ಬೇರೆ ಬೇರೆ ಪಥ ಮಾಡುವ ಕೆಲಸವನ್ನು 2018ರಲ್ಲಿ ಮುಗಿಸಿತು. ಬಳ್ಳಾರಿಯ ಪೇಟೆ ರಸ್ತೆಗಳಲ್ಲಿ ಮೂರು ಮೀಟರ್ ಸಿಗುವುದು ಕನಸಿನ ಮಾತು. ಹಾಗಾಗಿ ಅಲ್ಲಿ ಫುಟ್‌ಪಾತನ್ನು ಪೂರ್ತಿ ನಡೆಯುವವರಿಗೇ ಬಿಡಬೇಕು. ಸೈಕಲ್‌ಗೆ ರಸ್ತೆಯ ಎಡ ಅಂಚಿನಲ್ಲಿ ಗುಂಡಿ-ಜಲ್ಲಿ ಇಲ್ಲದ ಒಂದೂವರೆ ಮೀಟರ್ ಕೊಟ್ಟು, ವಾಹನಗಳ ವೇಗ ತಗ್ಗಿಸಬೇಕು. ಹಂಚಿಕೆಯ ದಾರಿ ಏನಿದ್ದರೂ ಕೆರೆ ದಂಡೆ, ಉದ್ಯಾನದ ಅಂಚು, ಊರ ಹೊರಗಿನ ಅಗಲ ರಸ್ತೆಗಳಿಗೆ ಮಾತ್ರ ಸರಿ.

ಫುಟ್‌ಪಾತಿನ ಮೇಲೆ ಬೈಕ್ ಓಡಿಸುವುದನ್ನು 2017ರ ವಾಹನ ಚಾಲನಾ ನಿಯಮಗಳು ನಿಷೇಧಿಸಿವೆ. ಆದರೂ ಅಂಗಡಿಗಳ ಮುಂದೆ ಬೈಕ್ ಸಾಲು ಇದ್ದೇ ಇರುತ್ತದೆ. ನಡೆಯುವವರಿಗಾಗಿ ಮಾಡಿದ ತೆಳು ಟೈಲ್ಸ್ ಅದರ ಭಾರಕ್ಕೆ ಒಡೆಯುತ್ತದೆ. ದೂಷಣೆ ಮಾತ್ರ ತಳ್ಳುಗಾಡಿಯವರ ಮೇಲೆ ಬರುತ್ತದೆ. ಇದು ಅನ್ಯಾಯ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ, ಪಟ್ಟಣ ವ್ಯಾಪಾರ ಸಮಿತಿಯ ಶಿಫಾರಸಿನಂತೆ ಅವರಿಗೆ ಜಾಗ ಗುರುತಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗೆ ವಹಿಸಿದೆ. 1.8 ಮೀಟರ್ ಬಿಟ್ಟು ಉಳಿಯುವ ಜಾಗ ಎಲ್ಲಿದೆ ಎಂದು ದುರಸ್ತಿಯ ನಕ್ಷೆಯಲ್ಲೇ ಗುರುತಿಸಿದರೆ ಬಾಳೆಹಣ್ಣು, ಮಿರ್ಚಿ ಮಾರುವವರನ್ನು ಎಬ್ಬಿಸುವ ಪ್ರಮೇಯ ಬರುವುದಿಲ್ಲ.

ಹಣ ಎಲ್ಲಿಂದ?

ರಾಜ್ಯದಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಏಳು ನಗರಗಳಲ್ಲಿ ಕಲ್ಯಾಣ ಕರ್ನಾಟಕದ್ದು ಒಂದೂ ಇಲ್ಲ. ಫುಟ್‌ಪಾತ್, ಸೈಕಲ್ ಪಥಗಳಿಗೆ ದೊಡ್ಡ ಮೊತ್ತ ಹರಿದದ್ದು ಮುಖ್ಯವಾಗಿ ಆ ಯೋಜನೆಯಲ್ಲಿ ಎಂಬುದನ್ನು ನೆನೆದರೆ ಈ ಭಾಗಕ್ಕೆ ಆದ ನಷ್ಟ ಅರಿವಾಗುತ್ತದೆ. ಬಳ್ಳಾರಿ ಮತ್ತು ರಾಯಚೂರು ನಗರಗಳ ಮೂಲಸೌಕರ್ಯಕ್ಕಾಗಿ ಕೇಂದ್ರ ತಂದ ಅಮೃತ್ ಯೋಜನೆಯಲ್ಲಿದ್ದವು. ಅದರಲ್ಲಿ ಕಾಲುದಾರಿಗೂ ಅವಕಾಶವಿತ್ತು, ಆದರೆ ಕುಡಿಯುವ ನೀರು, ಒಳಚರಂಡಿಗೇ ಆದ್ಯತೆ.

ಹಾಗೆಂದು ಬಳ್ಳಾರಿ ಬಡ ಜಿಲ್ಲೆಯಲ್ಲ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿಗೆ, ಹಳೆಯ ಗುತ್ತಿಗೆಗಳು ರಾಜಧನದ ಶೇ 30ರಷ್ಟನ್ನು ಕೊಡಬೇಕು. ಆ ಹಣದ ಹೆಚ್ಚಿನ ಪಾಲು ಆರೋಗ್ಯ, ಶಿಕ್ಷಣ, ಕುಡಿಯುವ ನೀರಿಗೆ ಮೀಸಲು. ಉಳಿದ ಭಾಗದಲ್ಲಿ ಮೂಲಸೌಕರ್ಯಕ್ಕೆ ಅವಕಾಶವಿದೆ. ಅದಿರಿನ ಲಾರಿಗಳಿಂದ ವರ್ಷಗಟ್ಟಲೆ ರಸ್ತೆ ಕಳೆದುಕೊಂಡ ಜನರಿಗೆ ನಡೆಯಲು ದಾರಿ ಮಾಡಿಕೊಡಲು ಆ ನಿಧಿಯಿಂದ ಒಂದು ಪಾಲು ಕೇಳುವುದು ನ್ಯಾಯವೇ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೂ ಇದೆ. ನಗರ ಸ್ಥಳೀಯ ಸಂಸ್ಥೆಗಳು ಅಂಗವಿಕಲರಿಗಾಗಿ ತೆಗೆದಿಡುವ ಶೇ 5ರ ನಿಧಿಯಿಂದ ಇಳಿಜಾರು, ಅಂಧರಿಗೆ ದಾರಿ ತೋರುವ ಉಬ್ಬು ಟೈಲ್ಸ್ ಮಾಡಿಸಬಹುದು.

ಆದರೆ ಈ ಎಲ್ಲ ನಿಧಿಗಳೂ ಹೊಸದನ್ನು ಕಟ್ಟಲು ಹಣ ಕೊಡುತ್ತವೆ, ಕಟ್ಟಿದ್ದನ್ನು ನೋಡಿಕೊಳ್ಳಲು ಕೊಡುವುದು ಅಪರೂಪ. ಸಡಿಲವಾದ ಹತ್ತು ಟೈಲ್ಸನ್ನು ವಾರದೊಳಗೆ ಕೂರಿಸಿದರೆ ಮುಗಿಯುವ ಕೆಲಸ, ಕೇಳುವವರಿಲ್ಲದೆ ಐನೂರು ಮೀಟರಿನ ಹೊಸ ಕಾಮಗಾರಿಯಾಗಿ ಬೆಳೆಯುತ್ತದೆ. ಅದನ್ನೂ ವಾರ್ಡಿಗೊಂದು ತುಂಡು ಗುತ್ತಿಗೆ ಮಾಡಿದರೆ ಒಂದೇ ರಸ್ತೆಯಲ್ಲಿ ನಾಲ್ಕು ಎತ್ತರದ ಫುಟ್‌ಪಾತುಗಳಾಗುತ್ತವೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಲ್ಲಿ ಕಟ್ಟಿದ ಗುತ್ತಿಗೆದಾರನೇ ಐದು ವರ್ಷ ನಿರ್ವಹಣೆ ಮಾಡಬೇಕೆಂಬ ಷರತ್ತು ಒಪ್ಪಂದದಲ್ಲೇ ಇರುತ್ತದೆ. ಹಳ್ಳಿಯ ರಸ್ತೆಗೆ ಸಾಧ್ಯವಾದದ್ದು ಜಿಲ್ಲಾ ಕೇಂದ್ರದ ಫುಟ್‌ಪಾತಿಗೆ ಯಾಕೆ ಸಾಧ್ಯವಿಲ್ಲ? ಮುಂದಿನ ಐದು ವರ್ಷವೂ ತಾನೇ ಸರಿಪಡಿಸಬೇಕು ಎಂದು ಗೊತ್ತಿರುವ ಗುತ್ತಿಗೆದಾರ ಗರಸನ್ನು ಸುಮ್ಮನೆ ಸುರಿದು ಹೋಗುವುದಿಲ್ಲ. ಅವನ ಲಾಭವೇ ಅವನನ್ನು ದಮ್ಮಸ್ಸು ಮಾಡಿಸುತ್ತದೆ.

ಕಾನೂನು ಈಗ ನಡೆಯುವವರ ಪರವಾಗಿದೆ. ಸಾರ್ವಜನಿಕ ಬೀದಿಗಳ ನಿರ್ವಹಣೆ 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯಂತೆ ಪಾಲಿಕೆಯ ಕಡ್ಡಾಯ ಕರ್ತವ್ಯ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡೆತಡೆಯಿಲ್ಲದ ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿ, ಮಾರ್ಗಸೂಚಿ ರೂಪಿಸಲು ರಾಜ್ಯಗಳಿಗೆ ಸೂಚಿಸಿತು. ಅಂಗವಿಕಲರೂ ಬಳಸುವಂತಿರಬೇಕು ಎಂಬುದನ್ನೂ ಒತ್ತಿ ಹೇಳಿತು.

ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದರೆ, ವೈದ್ಯಕೀಯ ಕಾಲೇಜು ಆಸ್ಪತ್ರೆಯ ಸುತ್ತಮುತ್ತಲಿನಿಂದ ಎನ್ನುತ್ತೇನೆ. ಊರುಗೋಲು ಹಿಡಿದವರು, ಗರ್ಭಿಣಿಯರು, ಹಳ್ಳಿಗಳಿಂದ ಬಂದ ರೋಗಿಗಳ ಕಡೆಯವರು ದಿನವಿಡೀ ಓಡಾಡುವ ಜಾಗ ಅದು. ಆಮೇಲೆ ಸರ್ಕಾರಿ ಶಾಲೆಗಳ ರಸ್ತೆಗಳು. ಒಮ್ಮೆಗೆ ನೂರು ಮೀಟರ್ ಮಾತ್ರ ತೆರೆಯಬೇಕು, ಆ ನೂರು ಮೀಟರಿಗೆ ಬದಲಿಯಾಗಿ ರಸ್ತೆಯ ಅಂಚಿನಲ್ಲಿ ತಡೆಗೋಡೆ ಇಟ್ಟು ನಡೆಯಲು ಜಾಗ ಮಾಡಬೇಕು, ರಾತ್ರಿ ಅಲ್ಲಿ ದೀಪ ಇರಬೇಕು. ನವೆಂಬರಿನಲ್ಲಿ ಅಗೆತ ಶುರುವಾಗಬೇಕಾದರೆ ಮಣ್ಣು ಪರೀಕ್ಷೆಯ ಗುಂಡಿಗಳನ್ನು ಟೆಂಡರಿಗೆ ಮುನ್ನ, ಜೂನ್ ಮುಗಿಯುವುದರೊಳಗೆ ತೋಡಿಸಿ, ಫಲಿತಾಂಶವನ್ನು ಟೆಂಡರ್ ದಾಖಲೆಗೇ ಲಗತ್ತಿಸಬೇಕು.